ತೊಗಲಿಗೆ ಬಿದ್ದ ತೂತು ಮುಚ್ಚುವುದಿಲ್ಲ

ಒಂದೇ ಸಂಜೆ ಮೂರು ಸೂಜಿ ಮುರಿದವು. ಬಸವನಗುಡಿಯ ನಮ್ಮ ಮನೆಯ ನಡುಮನೆಯಲ್ಲಿ, ಬೆಳಕು ಬೀಳುವ ಕಿಟಕಿಯ ಪಕ್ಕ ಅಮ್ಮನ ಕಾಲುಮಿಷಿನ್ ಇದೆ. ಲಂಗ, ರವಿಕೆ, ದಿಂಬಿನ ಗವಸು, ಗೌರಿ ಹಬ್ಬದ ಹೊಸ ಫ್ರಾಕು ಎಲ್ಲವೂ ಅದರಲ್ಲೇ ಹೊಲಿದದ್ದು. ಅಪ್ಪನ ಹಳೆಯ ಚರ್ಮದ ಬ್ಯಾಗಿನ ಅಂಚು ಬಿಟ್ಟಿತ್ತು. ಇಷ್ಟೆಲ್ಲ ಹೊಲಿದ ಮಿಷಿನ್ನಿಗೆ ಇದೊಂದು ಕಷ್ಟವೇ ಎಂದುಕೊಂಡು ಬ್ಯಾಗನ್ನು ಸೂಜಿಯ ಕೆಳಗೆ ತೂರಿಸಿ ಕಾಲೊತ್ತಿದೆ. ಸೂಜಿ ಚರ್ಮದೊಳಗೆ ಸಿಕ್ಕಿ, ಬಾಗಿ, ಟಕ್ಕನೆ ಮುರಿಯಿತು. ಮೂರನೆಯ ಸೂಜಿಯೂ ಹೋದಾಗ ಬ್ಯಾಗಿನ ಅಂಚಿನಲ್ಲಿ ಹತ್ತು ಹನ್ನೆರಡು ತೂತುಗಳು ಉಳಿದಿದ್ದವು. ಅವು ಇವತ್ತಿಗೂ ಹಾಗೆಯೇ ಇವೆ.

ಗಾಂಧಿ ಬಜಾರಿನ ಅಡ್ಡರಸ್ತೆಯೊಂದರಲ್ಲಿ, ಮರದ ನೆರಳಿನಲ್ಲಿ ಚಪ್ಪಲಿ ರಿಪೇರಿ ಮಾಡುವ ಯಜಮಾನರೊಬ್ಬರು ಕೂರುತ್ತಾರೆ. ಮರುದಿನ ಬ್ಯಾಗನ್ನೂ ಮುರಿದ ಸೂಜಿಯನ್ನೂ ಅವರ ಮುಂದಿಟ್ಟೆ. ಬ್ಯಾಗನ್ನು ಅವರು ಆಮೇಲೆ ನೋಡಿದರು. ಮೊದಲು ಕೈಗೆತ್ತಿಕೊಂಡದ್ದು ಸೂಜಿಯನ್ನು.

"ಇದು ಬಟ್ಟೆ ಸೂಜಿ ಅಮ್ಮಾ. ಬಟ್ಟೇಲಿ ಎಳೆ ಎಳೆ ಪಕ್ಕಕ್ಕೆ ಸರ್ಕೊಂಡು ಸೂಜಿಗೆ ದಾರಿ ಬಿಡುತ್ತೆ. ತೊಗಲಲ್ಲಿ ಎಳೆ ಎಲ್ಲೈತೆ?"

ನನ್ನ ಕಲಿಕೆ ಶುರುವಾದದ್ದು ಆ ಮಾತಿನಿಂದ. ಬಟ್ಟೆಗೆ ಹಾಸು ಹೊಕ್ಕು ಇರುತ್ತದೆ, ದುಂಡು ತುದಿಯ ಸೂಜಿ ಅವುಗಳ ನಡುವೆ ನುಸುಳುತ್ತದೆ. ಚರ್ಮದಲ್ಲಿ ನಾರುಗಳು ಒಂದರೊಳಗೊಂದು ಹೆಣೆದು ಗಂಟಾಗಿವೆ, ಸರಿಯಲು ಅವಕ್ಕೆ ಜಾಗವೇ ಇಲ್ಲ. ಅಲ್ಲಿ ಕೊಯ್ದೇ ಹೋಗಬೇಕು. ಅದಕ್ಕೇ ಚರ್ಮದ ಸೂಜಿಯ ತುದಿಯನ್ನು ಸಣ್ಣ ಉಳಿಯಂತೆ ಚಪ್ಪಟೆಯಾಗಿಯೋ ಮೂರು ಮೂಲೆಯಾಗಿಯೋ ಅರೆದಿರುತ್ತಾರೆ. ಸೂಜಿಯ ಪೊಟ್ಟಣದ ಮೇಲೆ 110/18 ಎಂಬಂಥ ಜೋಡಿ ಅಂಕಿ ಇರುತ್ತದೆ. ಮೊದಲಿನದು ಸೂಜಿಯ ದಪ್ಪ, ಮಿಲಿಮೀಟರಿನ ನೂರನೆಯ ಭಾಗದ ಲೆಕ್ಕದಲ್ಲಿ. 110 ಎಂದರೆ 1.1 ಮಿ.ಮೀ. ಎರಡನೆಯದು ಅದೇ ಸೂಜಿಗೆ ಸಿಂಗರ್ ಪದ್ಧತಿಯ ನಂಬರು. ರವಿಕೆಗೆ 14 ಸಾಕು. ಮೆದು ಮೇಕೆ ಚರ್ಮಕ್ಕೆ 16, ಎರಡು ಪದರ ಕೂಡಿದರೆ 18. ಬೆಲ್ಟಿಗೆ 22 ಬೇಕು, ಆದರೆ ಅಷ್ಟು ದಪ್ಪ ಸೂಜಿಯನ್ನು ಮನೆಯ ಮಿಷಿನ್ ತಡೆಯುವುದಿಲ್ಲ.

ಸೂಜಿ ಬದಲಾಯಿಸಿದ ಮೇಲೂ ತೊಂದರೆ ಮುಗಿಯಲಿಲ್ಲ. ಈಗ ಸೂಜಿ ಮುರಿಯುತ್ತಿರಲಿಲ್ಲ, ಹೊಲಿಗೆ ತಪ್ಪುತ್ತಿತ್ತು. ಸೂಜಿ ಮೇಲೇಳುವಾಗ ಚರ್ಮ ಅದಕ್ಕೆ ಅಂಟಿಕೊಂಡು ತಾನೂ ಮೇಲೇಳುತ್ತದೆ. ಆಗ ಕೆಳಗೆ ದಾರದ ಕುಣಿಕೆ ಅರಳುವುದಿಲ್ಲ, ಶಟಲ್ಲಿನ ಕೊಕ್ಕೆ ಬಂದು ಬರಿಗೈಯಲ್ಲಿ ಹೋಗುತ್ತದೆ. ಜೊತೆಗೆ, ಬಟ್ಟೆಯ ಮಿಷಿನ್ನಿನಲ್ಲಿ ಹಲ್ಲುಗಳಿರುವುದು ಅಡಿಯಲ್ಲಿ ಮಾತ್ರ. ಅವು ಕೆಳಗಿನ ಪದರವನ್ನು ಮುಂದೆ ತಳ್ಳುತ್ತವೆ, ಮೇಲಿನದು ಅದನ್ನು ಒತ್ತಿ ಹಿಡಿಯುವ ಪಾದಕ್ಕೆ ಅಂಟಿ ಹಿಂದೆ ಉಳಿಯುತ್ತದೆ. ಒಂದು ಗೇಣು ಹೊಲಿಯುವಷ್ಟರಲ್ಲಿ ಎರಡು ಅಂಚುಗಳಿಗೆ ತಾಳಮೇಳ ಇರುವುದಿಲ್ಲ. ಇದಕ್ಕೆ ಕಾರ್ಖಾನೆಗಳಲ್ಲಿ ವಾಕಿಂಗ್ ಫೂಟ್ ಮಿಷಿನ್ ಇದೆ: ಅದರಲ್ಲಿ ಸೂಜಿ, ಪಾದ, ಹಲ್ಲು ಮೂರೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ. ಮನೆಯಲ್ಲಿ ಕಲಿಯುವವರು ಪಾದದ ಒತ್ತಡ ಹೊಂದಿಸಿಕೊಂಡು, ಟೆಫ್ಲಾನ್ ಪಾದವನ್ನೋ ಉರುಳೆಯ ಪಾದವನ್ನೋ ಹಾಕಿಕೊಳ್ಳಬೇಕು. ಎರಡು ಪದರ ಸೇರಿ 2 ಮಿ.ಮೀ. ಮೀರದ ಮೆದು ಚರ್ಮವನ್ನಷ್ಟೇ ಮುಟ್ಟಬೇಕು. ಮೋಟಾರು ಕಟ್ಟದ ಹಳೆಯ ಕಬ್ಬಿಣದ ಕಾಲುಮಿಷಿನ್ ಇದ್ದರೆ ಅದೇ ಭಾಗ್ಯ. ಚರ್ಮ ಬಯಸುವುದು ನಿಧಾನವನ್ನು. ಕೈಚಕ್ರ ತಿರುಗಿಸಿ ಒಂದೊಂದೇ ಹೊಲಿಗೆ ಹಾಕುವ ಅನುಕೂಲ ಅದರಲ್ಲಿದೆ.

ಯಜಮಾನರ ಪಕ್ಕದಲ್ಲಿ ಅವರದೇ ಒಂದು ಮಿಷಿನ್ ಇದೆ. ಬೆಂಗಳೂರಿನ ಹಳೆ ಬೀದಿಗಳಲ್ಲಿ ಓಡಾಡಿದವರೆಲ್ಲ ಅಂಥದ್ದನ್ನು ನೋಡಿರುತ್ತಾರೆ, ನಿಂತು ನೋಡಿದವರು ಕಡಿಮೆ. ಕೊಕ್ಕರೆಯ ಕತ್ತಿನಂತೆ ಮುಂದಕ್ಕೆ ಚಾಚಿದ ಸಪೂರ ತೋಳು. ಶೂ ಒಳಗೆ ಆ ತೋಳು ಹೋಗಬೇಕು, ಅದಕ್ಕೇ ಅಷ್ಟು ಸಣ್ಣ. ಅದರಲ್ಲಿ ಅಡಿಹಲ್ಲುಗಳೇ ಇಲ್ಲ. ಪಾದವೇ ಮೇಲಿನಿಂದ ಚರ್ಮವನ್ನು ಕಚ್ಚಿ ಎಳೆಯುತ್ತದೆ. ಆ ಪಾದ ಸುತ್ತ ಯಾವ ದಿಕ್ಕಿಗೂ ತಿರುಗುತ್ತದೆ. ನಾವು ಬಟ್ಟೆಯನ್ನು ತಿರುಗಿಸುತ್ತೇವೆ. ಅವರು ಶೂ ಅನ್ನು ಇದ್ದಲ್ಲೇ ಬಿಟ್ಟು ಪಾದವನ್ನು ತಿರುಗಿಸುತ್ತಾರೆ. ಪ್ಯಾಚಿಂಗ್ ಮಿಷಿನ್ ಎನ್ನುತ್ತಾರೆ ಇದನ್ನು. ಇವತ್ತು ಓಡುತ್ತಿರುವ ಇಂಥ ಹಲವು ಮಿಷಿನ್‌ಗಳ ಮೂಲ ಮಾದರಿ ಸಿಂಗರ್ 29ಕೆ. ಆ 'ಕೆ' ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಕಿಲ್ಬೋವಿ ಕಾರ್ಖಾನೆಯ ಗುರುತು. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು. ಅದರ ಮಿಷಿನ್‌ಗಳೂ ಅವುಗಳ ನಕಲುಗಳೂ ಇನ್ನೂ ಬೀದಿ ಬದಿಯಲ್ಲಿ ಅನ್ನ ದುಡಿಯುತ್ತಿವೆ.

ಇನ್ನೊಂದು ಸಂಗತಿ ತಿಳಿದಾಗ ನನಗೆ ಬಹಳ ಸಂತೋಷವಾಯಿತು. ಹೊಲಿಗೆ ಯಂತ್ರದ ಮೊದಲ ಪೇಟೆಂಟುಗಳಲ್ಲಿ ಒಂದು ಬಂದದ್ದೇ ಚರ್ಮಕ್ಕಾಗಿ. 1790ರಲ್ಲಿ ಇಂಗ್ಲೆಂಡಿನ ಥಾಮಸ್ ಸೇಂಟ್ ಎಂಬಾತ ಚರ್ಮ ಮತ್ತು ಕ್ಯಾನ್ವಾಸ್ ಹೊಲಿಯುವ ಯಂತ್ರದ ನಕ್ಷೆ ಕೊಟ್ಟ. ಅದರಲ್ಲಿ ಮೊದಲು ಒಂದು ದಬ್ಬಳ ತೂತು ಕೊರೆಯುತ್ತಿತ್ತು, ಹಿಂದೆಯೇ ದಾರ ಇಳಿಯುತ್ತಿತ್ತು. ಚಮ್ಮಾರನ ಕೈಯ ಎರಡು ಚಲನೆಗಳನ್ನೇ ಆತ ಯಂತ್ರಕ್ಕೆ ಕಲಿಸಲು ಹೊರಟಿದ್ದ. ಶೂಗೆ ಸಂಬಂಧಿಸಿದ ಕಾಗದಗಳ ನಡುವೆ ಸೇರಿಹೋದ ಆ ನಕ್ಷೆ ಎಂಟು ದಶಕಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಅಷ್ಟರಲ್ಲಿ ಅಮೆರಿಕದಲ್ಲಿ ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದಿದ್ದರು, ಹೊಲಿಗೆ ಯಂತ್ರವೆಂದರೆ ಬಟ್ಟೆಯ ಯಂತ್ರ ಎಂಬ ನಂಬಿಕೆ ಲೋಕದಲ್ಲಿ ಬೇರೂರಿಬಿಟ್ಟಿತ್ತು.

ಯಜಮಾನರು ನನಗೆ ಮೊದಲ ವಾರ ಚರ್ಮ ಮುಟ್ಟಲು ಬಿಡಲಿಲ್ಲ. ದಪ್ಪ ಕಾಗದದ ಮೇಲೆ ಗೆರೆ, ಚೌಕ, ಸುರುಳಿ ಬರೆದುಕೊಂಡು, ದಾರವಿಲ್ಲದ ಸೂಜಿಯನ್ನು ಆ ಗೆರೆಯ ಮೇಲೆ ನಡೆಸಬೇಕು. ಮೂಲೆ ಬಂದಾಗ ಸೂಜಿ ಕೆಳಗೇ ಇರಬೇಕು. ಪಾದ ಎತ್ತಿ, ಕಾಗದ ತಿರುಗಿಸಿ, ಪಾದ ಇಳಿಸಬೇಕು. ಎರಡನೆಯ ವಾರ ಚೂರುಪಾರು ಚರ್ಮ. ಪ್ರತಿ ಸಲವೂ ಹೊಸ ಚರ್ಮದ ಚೂರೊಂದರ ಮೇಲೆ ನಾಲ್ಕು ಬೆರಳು ಹೊಲಿದು ಮಗುಚಿ ನೋಡಬೇಕು. ಅಡಿಯಲ್ಲಿ ಮೇಲಿನ ದಾರದ ಕುಣಿಕೆಗಳು ಕಂಡರೆ ಮೇಲಿನ ಟೆನ್ಷನ್ ಸಡಿಲ, ಬಿಗಿ ಮಾಡು. ಬಾಬಿನ್ ದಾರ ಮೇಲೆ ಇಣುಕಿದರೆ ಮೇಲಿನದು ಬಿಗಿ, ಸಡಿಲಿಸು. ಎರಡು ದಾರಗಳ ಗಂಟು ಚರ್ಮದ ಹೊಟ್ಟೆಯೊಳಗೆ ಅಡಗಿರಬೇಕು, ಎರಡೂ ಮುಖದಲ್ಲಿ ಕಾಣಕೂಡದು. ಬಾಬಿನ್ ಕೇಸನ್ನು ದಾರದಿಂದ ತೂಗಬಿಟ್ಟು ಸಣ್ಣಗೆ ಜಗ್ಗಿದರೆ ಅದು ಒಂದೆರಡು ಅಂಗುಲ ಇಳಿದು ನಿಲ್ಲಬೇಕು. ಅವರು ಹೇಳಿದ್ದು ಇಷ್ಟೇ: "ಜಾರಬಾರ್ದು, ಹಟಾನೂ ಮಾಡಬಾರ್ದು."

ಬಟ್ಟೆ ಹೊಲಿದು ರೂಢಿಯಾದ ಕೈ ಮರೆಯಬೇಕಾದದ್ದೇ ಹೆಚ್ಚು. ಗುಂಡುಸೂಜಿ ಚುಚ್ಚುವಂತಿಲ್ಲ, ಅದರ ತೂತೂ ಉಳಿಯುತ್ತದೆ. ಅಂಚಿಗೆ ತೆಳ್ಳಗೆ ಸಲ್ಯೂಷನ್ ಹಚ್ಚಿ ಅಂಟಿಸಬೇಕು. ಬಿಚ್ಚಿ ಮತ್ತೆ ಹೊಲಿಯುವ ಮಾತಿಲ್ಲ. ಸಣ್ಣ ಹೊಲಿಗೆ ಗಟ್ಟಿ ಎಂಬ ಅಮ್ಮನ ಪಾಠ ಇಲ್ಲಿ ತಿರುಗುಮುರುಗು. ತೂತುಗಳು ಒತ್ತೊತ್ತಾಗಿ ಬಿದ್ದರೆ ಚರ್ಮ ಅಂಚೆಚೀಟಿಯ ಅಂಚಿನಂತೆ ಆ ಸಾಲಿನಲ್ಲೇ ಹರಿಯುತ್ತದೆ. ಇಂಚಿಗೆ ಆರೇಳು ಹೊಲಿಗೆ, ಅಂದರೆ ಒಂದೊಂದೂ ಮೂರೂವರೆಯಿಂದ ನಾಲ್ಕು ಮಿ.ಮೀ., ಸಾಕು. ಹತ್ತಿ ದಾರವೂ ಬೇಡ, ನೈಲಾನ್ ಅಥವಾ ಪಾಲಿಯೆಸ್ಟರ್ ದಾರವೇ ಆಗಬೇಕು. ಅಂಚು ಮಡಚುವಲ್ಲಿ ಚರ್ಮವನ್ನು ರಂಪಿಗೆಯಿಂದ ಓರೆಯಾಗಿ ಹೆರೆದು ತೆಳುವಾಗಿಸಬೇಕು. ಈ ಹೆರೆಯುವುದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ. ಯಜಮಾನರ ರಂಪಿಗೆ ಚರ್ಮದ ಮೇಲೆ ಹೋದರೆ ಈರುಳ್ಳಿಯ ಸಿಪ್ಪೆಯಂಥ ಪೊರೆ ಸುರುಳಿಯಾಗಿ ಏಳುತ್ತದೆ. ಅದನ್ನು ನೋಡುತ್ತ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಮಿಷಿನ್ ಎಲ್ಲವನ್ನೂ ಮಾಡುತ್ತದೆ ಎಂದೂ ತಿಳಿಯಬಾರದು. ಅದರ ಹೊಲಿಗೆಯಲ್ಲಿ ಒಂದು ದಾರ ತುಂಡಾದರೆ ಅಕ್ಕಪಕ್ಕದ್ದೂ ಬಿಡುತ್ತ ಹೋಗುತ್ತದೆ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎದುರುಬದುರು ದಾಟಿಸುವ ಕೈಹೊಲಿಗೆ ಹಾಗೆ ಬಿಡುವುದಿಲ್ಲ. ಬ್ಯಾಗಿನ ಮೈಯನ್ನು ಮಿಷಿನ್ನಿನಲ್ಲಿ ಹೊಲಿದ ಯಜಮಾನರು ಅದರ ಹಿಡಿಯನ್ನು ಕೈಯಲ್ಲೇ ಹೊಲಿದುಕೊಟ್ಟರು. ನಮ್ಮ ಅಥಣಿಯ ಚಪ್ಪಲಿಗಂತೂ ಮಿಷಿನ್ನಿನ ದಾರವೇ ಬೇಡ. ಗಿಡದ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದಗೊಂಡ ಚರ್ಮದ ಅಟ್ಟೆಯನ್ನು ಚರ್ಮದ ಎಳೆಯಿಂದಲೇ ಹೊಲಿಯುತ್ತಾರೆ. ಕೊಲ್ಹಾಪುರಿ ಎಂದು ಲೋಕ ಕರೆಯುವ ಆ ಚಪ್ಪಲಿಯ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಇವೆ. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಫ್ಯಾಷನ್ ಕಂಪನಿ ಪ್ರಾಡಾದ ಪ್ರದರ್ಶನದಲ್ಲಿ ಅಂಥದ್ದೇ ಚಪ್ಪಲಿ ಕಾಣಿಸಿಕೊಂಡು, ಮೂಲದವರ ಹೆಸರೇ ಇಲ್ಲವೆಂದು ದೊಡ್ಡ ಗಲಾಟೆಯಾಯಿತು. ಆ ಸಿಟ್ಟು ನ್ಯಾಯವಾದದ್ದು. ನಮ್ಮ ಬೀದಿಯಲ್ಲಿ ಚಪ್ಪಲಿ ಹೊಲಿಯುವವರ ಹೆಸರನ್ನು ನಾವೇ ಕೇಳಿದ್ದೇವೆಯೇ ಎಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು.

ಹೆಸರು ಕೇಳದವರಲ್ಲಿ ನಾನೂ ಒಬ್ಬಳು. ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿಯ ಸಂಗೀತ ಕೇಳಿ ಬೆಳೆದವಳು ನಾನು. 1939ರಲ್ಲಿ ಹುಟ್ಟಿದ ಶ್ರೀರಾಮಸೇವಾ ಮಂಡಳಿಯ ಚಪ್ಪರದಲ್ಲಿ ಮೃದಂಗದ ತನಿ ಆವರ್ತನ ನಡೆಯುವಾಗ ಯಾರೂ ಉಸಿರೆತ್ತುವುದಿಲ್ಲ. ಆ ನಾದ ಹೊರಡುವುದು ಹಸು, ಎಮ್ಮೆ, ಮೇಕೆಯ ಚರ್ಮದಿಂದ. ಆ ಚರ್ಮವನ್ನು ಹೆರೆದು, ಬಿಗಿದು, ಶ್ರುತಿಗೆ ತಂದ ಕೈ ವೇದಿಕೆಯ ಮೇಲೆ ಇರುವುದಿಲ್ಲ. ಗಾಯಕ ಟಿ.ಎಂ. ಕೃಷ್ಣ ಅವರು ಮೃದಂಗ ಮಾಡುವ ಕುಟುಂಬಗಳ ಬಗ್ಗೆ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಪುಸ್ತಕ ತರುವವರೆಗೆ ನನ್ನಂಥ ಕೇಳುಗರಿಗೆ ಆ ಕೈಗಳ ಯೋಚನೆಯೇ ಬಂದಿರಲಿಲ್ಲ. ಬಸವನಗುಡಿಯ ಬಸವ ಕಲ್ಲಿನ ನಂದಿ. ಕಲ್ಯಾಣದ ಬಸವಣ್ಣ ಬೇರೆ. ಆದರೂ ಈ ಹೆಸರಿನ ಬಡಾವಣೆಯಲ್ಲಿದ್ದು, ಚರ್ಮದ ಕೆಲಸದ ಕೈಗಳ ಮಾತು ಬಂದಾಗ, ಚಪ್ಪಲಿ ಹೊಲಿಯುವ ಶರಣ ಹರಳಯ್ಯನವರನ್ನು ನೆನೆಯದೆ ಇರಲಾರೆ. ಬಸವಣ್ಣ ತನಗೆ ಎರಡು ಸಲ ಶರಣೆಂದ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿಕೊಟ್ಟರೆಂದೂ, ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲೆ ಹೊತ್ತನೆಂದೂ ನಾಡು ಹೇಳಿಕೊಂಡು ಬಂದಿದೆ. ಕಥೆಯನ್ನು ಶಾಲೆಯಲ್ಲಿ ಹೇಳಿಸಿಕೊಂಡಿದ್ದೇವೆ. ಚಪ್ಪಲಿ ಹೊಲಿಯುವವರನ್ನು ಇವತ್ತಿಗೂ ಮೆಟ್ಟಿಲ ಕೆಳಗೇ ನಿಲ್ಲಿಸಿ ಮಾತಾಡುತ್ತೇವೆ.

ಸರ್ಕಾರದ ದಾರಿಗಳು ಇಲ್ಲವೆಂದಲ್ಲ. ಜನ ಲಿಡ್ಕರ್ ಎಂದು ಕರೆಯುವ, ಈಗ ಡಾ. ಬಾಬು ಜಗಜೀವನ್ ರಾಂ ಅವರ ಹೆಸರು ಹೊತ್ತಿರುವ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ 1976ರಿಂದ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಇದ್ದಾರೆ, ಚರ್ಮಕಾರರೂ ಇದ್ದಾರೆ. ತರಬೇತಿಯ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, ಮೊದಲ ಹಂತದಲ್ಲಿ ಶೇ. 5ರ ಬಡ್ಡಿಯಲ್ಲಿ ಒಂದು ಲಕ್ಷದವರೆಗೆ ಸಾಲ ಸಿಗುತ್ತದೆ. ಕಸುಬಿನವರಿಗೆ ಇವು ಬೇಕು. ಆದರೆ ಇಲ್ಲೆಲ್ಲ ಅವರು ಕಲಿಯುವವರು, ಫಲಾನುಭವಿಗಳು. ಕಲಿಸುವ ಕುರ್ಚಿಯಲ್ಲಿ ಅವರನ್ನು ಕೂರಿಸುವ ಕೆಲಸ ನಾವು ಮಾಡಬೇಕಾದದ್ದು.

ಈಗ ನಮ್ಮ ಕಡೆಯ ಎಳೆಯರಿಗೆ ಕೈಯಾರೆ ಪರ್ಸು, ಬ್ಯಾಗು, ಬೆಲ್ಟು ಮಾಡುವ ಆಸೆ ಬಂದಿದೆ. ವಾರಾಂತ್ಯದ ಶಿಬಿರಗಳಿಗೆ ಹಣ ಕೊಟ್ಟು ಹೋಗುತ್ತಾರೆ. ಒಳ್ಳೆಯದೇ. ನಿಮ್ಮಲ್ಲಿ ಯಾರಿಗಾದರೂ ಆ ಆಸೆಯಿದ್ದರೆ ಒಂದು ಮಾತು: ಮಲ್ಲೇಶ್ವರದ ಎಂಟನೇ ಕ್ರಾಸೋ, ಚಾಮರಾಜಪೇಟೆಯ ಐದನೇ ಮೇನ್ ರೋಡೋ, ನಿಮ್ಮ ಮನೆಯ ಹತ್ತಿರದ ಪೆಟ್ಟಿಗೆ ಅಂಗಡಿಯ ಮುಂದೆ ಮೊದಲು ಒಂದು ದಿನ ಕೂತು ನೋಡಿ. ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನ ಹೋಗಿ. ಹೆಸರು ಕೇಳಿ. ಕಲಿಸುತ್ತೀರಾ ಎಂದು ಕೇಳಿ. ಒಪ್ಪಿದರೆ, ಮಕ್ಕಳ ಸಂಗೀತದ ಮೇಷ್ಟ್ರಿಗೆ ತಿಂಗಳಿಗೆ ಎಷ್ಟು ಕೊಡುತ್ತೀರೋ ಅಷ್ಟನ್ನು ಚೌಕಾಸಿ ಮಾಡದೆ ಅವರಿಗೂ ಕೊಡಿ.