ಮರ ಸವರೋರು ಬಂದಾಗ

ಸ್ನೇಹಿತರೇ, ಹೋದ ಸಲದ ಗೋಡೆ ಪತ್ರಿಕೆಯಲ್ಲಿ ಗಿಡ ನೆಡುವ ಬಗ್ಗೆ ಚೆನ್ನಾಗಿ ಬರೆದಿದ್ದರು. ಆದರೆ ನೆಟ್ಟ ಗಿಡ ದೊಡ್ಡ ಮರವಾದ ಮೇಲೆ ಅದನ್ನು ಹೇಗೆ ಸವರಬೇಕು, ಯಾರನ್ನು ಕರೆಸಬೇಕು ಅಂತ ಯಾರೂ ಬರೆಯಲಿಲ್ಲ. ನಮ್ಮ ಮನೆಯಲ್ಲಿ ಅದು ಗೊತ್ತಿಲ್ಲದೆ ಒಂದು ತೆಂಗಿನ ಮರ ಹೋಯಿತು. ಅದರಲ್ಲಿ ನನ್ನ ತಪ್ಪೂ ಇದೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಮ್ಮ ಹಿತ್ತಲಿನಲ್ಲಿ ಮೂರು ತೆಂಗು, ಒಂದು ಮಾವು, ಒಂದು ಹಲಸು, ಒಂದು ನುಗ್ಗೆ ಇದ್ದವು. ಮನೆ ಮುಂದೆ ಬೇವಿನ ಮರ. ಅದರ ಒಂದು ಕೊಂಬೆ ಹೆಂಚಿನ ಮೇಲೇ ಬಂದಿತ್ತು. ಹೋದ ವರ್ಷ ಭರಣಿ ಮಳೆಯ ಗಾಳಿಗೆ ಪಕ್ಕದ ಬೀದಿಯಲ್ಲಿ ಒಂದು ಕೊಂಬೆ ಮುರಿದು ದನದ ಕೊಟ್ಟಿಗೆ ಮೇಲೆ ಬಿತ್ತು. ಆಗ ಅಜ್ಜಿ, "ಅದು ಬೀಳೋಕ್ ಮುಂಚೆ ಕಡ್ಸ್ಬುಡ್ಲಾ" ಅಂತ ಅಪ್ಪನಿಗೆ ಹೇಳಿತು. ಅಪ್ಪ ಟೀ ಅಂಗಡಿಯಲ್ಲಿ ವಿಚಾರಿಸಿ ಒಬ್ಬರನ್ನು ಕರೆತಂದರು. ಮರಕ್ಕೆ ಇಷ್ಟು ಅಂತ ಮಾತಾಯಿತು. ಏನು ಕಡಿಯಬೇಕು, ಎಲ್ಲಿ ಕಡಿಯಬೇಕು ಅಂತ ಮಾತೇ ಆಗಲಿಲ್ಲ. ಬಂದವರು ಮಚ್ಚು ಸಿಕ್ಕಿಸಿಕೊಂಡು ಹತ್ತಿಯೇಬಿಟ್ಟರು.

ಚಿಕ್ಕ ತೆಂಗಿನ ಮರ ನಾನು ನಾಲ್ಕು ವರ್ಷದವನಿದ್ದಾಗ ಅಜ್ಜಿ ನೆಟ್ಟಿದ್ದು. ಅದು ಫಲ ಬಿಡಲು ಶುರುಮಾಡಿ ಎರಡು ವರ್ಷವಾಗಿತ್ತು. ಏಣಿ ಹಾಕಿದರೆ ಸುಳಿ ಕೈಗೆ ಸಿಗುವಷ್ಟು ಎತ್ತರ. ಒಣಗಿದ ಗರಿ ಎರಡೇ ಇದ್ದವು. ನಮಗೆ ಕ್ರಿಕೆಟ್ ಬ್ಯಾಟಿಗೆ ಎಡಮಟ್ಟೆ ಬೇಕಿತ್ತು. ನಾನು ಕೆಳಗಿಂದ, "ಅಣ್ಣಾ, ಇನ್ನೂ ನಾಕು ಕೆಡವಿ!" ಅಂತ ಕೂಗಿದೆ. ಅವರು ಹಸಿ ಗರಿಗಳನ್ನೇ ಬುಡಕ್ಕೆ ಹತ್ತಿಸಿ ಕಡಿದು ಹಾಕಿದರು. ಅಜ್ಜಿ ಓಡಿ ಬಂದು, "ಅಸಿ ಗರಿ ಯಾಕ್ಲಾ ಕಡುಸ್ದೆ? ಗೊನೆ ಇನ್ಯಾತರ ಮ್ಯಾಲೆ ಕೂತ್ಕತದೆ?" ಅಂತ ಬೈದಿತು. ನಾನು ಎಡಮಟ್ಟೆ ಎತ್ತಿಕೊಂಡು ಆಟಕ್ಕೆ ಹೋದೆ.

ಅಜ್ಜಿ ಹೇಳಿದಂತೆಯೇ ಆಯಿತು. ತಿಂಗಳೊಳಗೆ ಎರಡು ಗೊನೆ ಜೋತುಬಿದ್ದು ಮುರಿದವು. ಅಷ್ಟಕ್ಕೇ ಮುಗಿಯಲಿಲ್ಲ. ದೀಪಾವಳಿ ಹೊತ್ತಿಗೆ ಸುಳಿಯ ಕೆಳಗೆ ಕಂದು ಬಣ್ಣದ ರಸ ಇಳಿಯತೊಡಗಿತು. ಸಣ್ಣ ತೂತಿನಿಂದ ಅಗಿದ ನಾರು ಹೊರಗೆ ಬಂದಿತ್ತು. ಏಣಿ ಹತ್ತಿ ಕಿವಿ ಇಟ್ಟರೆ ಒಳಗೆ ಕರಕರ ಅನ್ನುವ ಸದ್ದು. ಅಪ್ಪ ಒಂದು ಗರಿಯ ತುಂಡು, ಒಂದು ಹುಳ ಹಿಡಿದುಕೊಂಡು ಮಂಡ್ಯದ ವಿ.ಸಿ. ಫಾರಂಗೆ ಹೋದರು. ನಾನೂ ಜೊತೆಗೆ ಹೋದೆ. ಅದು ಕೆಂಪು ಮೂತಿ ಹುಳ ಎಂದು ಅಲ್ಲಿ ಹೇಳಿದರು. ಹಸಿ ಗಾಯದ ವಾಸನೆಗೆ ಈ ಹುಳ ಬರುತ್ತದೆ, ಗಾಯದಲ್ಲೇ ಮೊಟ್ಟೆ ಇಡುತ್ತದೆ, ಮರಿಗಳು ಒಳಗೇ ತಿಂದು ಸುಳಿ ಮುಟ್ಟುತ್ತವೆ. ನಾವು ಹೋಗಿದ್ದು ತಡವಾಗಿತ್ತು. ಸಂಕ್ರಾಂತಿ ಹೊತ್ತಿಗೆ ಸುಳಿ ಒಂದು ಕಡೆ ವಾಲಿತು. ಆ ಮರದ ಎಳನೀರು ಮದ್ದೂರಿನ ಮಾರುಕಟ್ಟೆಗೆ ಎರಡೇ ಸಲ ಹೋಗಿತ್ತು. ಅಲ್ಲಿಂದ ದೆಹಲಿ, ಮುಂಬೈಗೆಲ್ಲ ಲಾರಿ ಹೋಗುತ್ತದೆ. ನಮ್ಮ ಮರದ ಕಾಯಿ ಯಾರು ಕುಡಿದರೋ ಅಂತ ಅಜ್ಜಿ ಈಗಲೂ ಅನ್ನುತ್ತದೆ.

ಇನ್ನು ಕಾರಣ ಹೇಳುತ್ತೇನೆ. ನಾವು ವಿಜ್ಞಾನ ಪಾಠದಲ್ಲಿ ಏಕದಳ, ದ್ವಿದಳ ಅಂತ ಓದಿದ್ದೇವಲ್ಲ, ಅದು ಬರೀ ಪರೀಕ್ಷೆಗೆ ಅಂದುಕೊಂಡಿದ್ದೆ. ಮಾವು, ಬೇವು, ಹಲಸು ದ್ವಿದಳ. ಇವುಗಳ ತೊಗಟೆಗೂ ಕಟ್ಟಿಗೆಗೂ ನಡುವೆ ಬೆಳೆಯುವ ತೆಳು ಪದರ ಇದೆ. ಗಾಯವಾದರೆ ಸುತ್ತಲಿಂದ ತುಟಿ ಹಾಗೆ ಬೆಳೆದು ನಿಧಾನವಾಗಿ ಮುಚ್ಚುತ್ತದೆ. ತೆಂಗು ಏಕದಳ. ಭತ್ತ, ಕಬ್ಬು, ಬಾಳೆಯ ಗುಂಪು. ಅದಕ್ಕೆ ಆ ಪದರವಿಲ್ಲ. ಹತ್ತಲು ಅನುಕೂಲ ಅಂತ ಕಾಂಡದಲ್ಲಿ ಕಚ್ಚು ಮಾಡಿದರೆ ಆ ಕಚ್ಚು ಮರ ಇರುವತನಕ ಹಾಗೇ ಇರುತ್ತದೆ. ಹಳೇ ತೆಂಗಿನ ಮರಗಳನ್ನು ನೋಡಿ, ತಾತಂದಿರ ಕಾಲದಲ್ಲಿ ಕಡಿದ ಮೆಟ್ಟಿಲು ಇನ್ನೂ ಕಾಣುತ್ತವೆ. ಬೆಳೆಯುವ ಜಾಗವೂ ಒಂದೇ, ಸುಳಿ. ಅದು ಹೋದರೆ ಮರವೇ ಹೋಯಿತು, ಬೇರೆ ಕಡೆ ಚಿಗುರುವುದಿಲ್ಲ.

ಚೆನ್ನಾಗಿರುವ ತೆಂಗಿನ ಮರದ ತಲೆಯಲ್ಲಿ 30ಕ್ಕಿಂತ ಹೆಚ್ಚು ಗರಿ ಇರುತ್ತವೆ. ಹೆಚ್ಚುಕಡಿಮೆ ತಿಂಗಳಿಗೊಂದು ಹೊಸ ಗರಿ ಬರುತ್ತದೆ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ. ಅಂದರೆ ಒಂದು ಹಸಿ ಗರಿ ಕಡಿದರೆ ಒಂದು ಗೊನೆಯ ಅಡುಗೆಮನೆಯನ್ನೂ ಅದರ ಒರಗನ್ನೂ ಕಿತ್ತ ಹಾಗೆ. ಆದ್ದರಿಂದ ಒಣಗಿ ಜೋತಿರುವುದನ್ನು ಮಾತ್ರ ತೆಗೆಯಬೇಕು. ಹಸಿ ಗರಿ ಕಡಿಯಲೇಬೇಕಾದರೆ ಬುಡದಲ್ಲಿ ನಾಲ್ಕು ಅಡಿ ಮಟ್ಟೆ ಬಿಟ್ಟು ಕಡಿಯಬೇಕು. ಆಗ ಹುಳ ಮೊಟ್ಟೆ ಇಟ್ಟರೂ ಕಾಂಡ ದೂರ ಇರುತ್ತದೆ. ಹತ್ತಿದವರಿಂದಲೇ ಸುಳಿಯ ಸುತ್ತ ಕಸ ತೆಗೆಸಿ, ಕೊಂಬಿರುವ ಕಪ್ಪು ದುಂಬಿ ಇದೆಯಾ ನೋಡಿಸಬೇಕು. ಗರಿಗಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಂಡರೆ ಅದು ಇದೆ ಅಂತಲೇ ಅರ್ಥ. ಇದು ತಿಪ್ಪೆಯಲ್ಲಿ ಮರಿ ಮಾಡುತ್ತದೆ. ಕಬ್ಬಿಣದ ಕೊಕ್ಕೆಯಿಂದ ಎಳೆದು ತೆಗೆದು, ಬೇವಿನ ಹಿಂಡಿಯನ್ನು ಮರಳಿನ ಜೊತೆ ಬೆರೆಸಿ ಮೇಲಿನ ಗರಿಗಳ ಕಂಕುಳಿಗೆ ಹಾಕುತ್ತಾರೆ.

ಬೇವಿನ ಕಥೆ ಬೇರೆ. ಆ ದಿನ ಅವರು ತೊಡೆ ದಪ್ಪದ ಕೊಂಬೆಯನ್ನು ಮೇಲಿನಿಂದ ಮಾತ್ರ ಕಡಿದರು. ಅರ್ಧ ಕಡಿಯುವಷ್ಟರಲ್ಲಿ ಕೊಂಬೆ ತನ್ನ ಭಾರಕ್ಕೆ ಮುರಿಯಿತು. ಬೀಳುವಾಗ ಕಾಂಡದ ತೊಗಟೆಯನ್ನು ಒಂದು ಮೊಳ ಸುಲಿದುಕೊಂಡೇ ಬಿತ್ತು. ಮನೆಗೆ ಬರುವ ಕರೆಂಟ್ ವೈರಿಗೆ ಒಂದು ಗೇಣು ತಪ್ಪಿತು. ಅವ್ವ ಬಾಗಿಲಲ್ಲೇ ನಿಂತಿದ್ದರು.

ಈ ವರ್ಷ ಮಳವಳ್ಳಿ ಕಡೆಯ ಇನ್ನೊಬ್ಬರು ಬಂದರು. ಅವರು ಬಂದ ಕೂಡಲೇ ಹತ್ತಲಿಲ್ಲ. ಬೀಡಿ ಕೂಡ ಹಚ್ಚದೆ ಮರಗಳ ಸುತ್ತ ಎರಡು ಸುತ್ತು ಬಂದು, "ಯಾವ ಕೊಂಬೆ ಅಂತ ಆಮ್ಯಾಕೆ ಹೇಳಿ. ಯಾಕೆ ಕಡೀಬೇಕು ಅಂತ ಮೊದ್ಲು ಹೇಳಿ" ಅಂದರು. ಹೆಂಚಿಗೆ ತಾಗುತ್ತೆ ಅಂತ ಅಪ್ಪ ಹೇಳಿದರು. ಹಾಗಾದರೆ ಇದೊಂದೇ ಸಾಕು, ಉಳಿದದ್ದು ನೆರಳಿಗೆ ಇರಲಿ ಅಂದರು. ಅವರು ಗರಗಸದಲ್ಲಿ ಮೂರು ಸಲ ಕುಯ್ದರು. ನಾನು ಎಣಿಸುತ್ತಿದ್ದೆ. ಮೊದಲು ಕಾಂಡದಿಂದ ಒಂದು ಅಡಿ ಆಚೆ, ಕೊಂಬೆಯ ಕೆಳಗಿನಿಂದ ಮೇಲಕ್ಕೆ, ಕಾಲು ಭಾಗ ಮಾತ್ರ. ಎರಡನೆಯದು ಅದಕ್ಕಿಂತ ಸ್ವಲ್ಪ ಆಚೆ, ಮೇಲಿನಿಂದ. ಕೊಂಬೆ ಬಿತ್ತು, ತೊಗಟೆ ಕೆಳಗಿನ ಕುಯ್ತದ ಹತ್ತಿರ ನಿಂತುಬಿಟ್ಟಿತು. ಉಳಿದ ಮೋಟನ್ನು ಮೂರನೇ ಸಲ ತೆಗೆದರು. ಅದನ್ನೂ ಕಾಂಡಕ್ಕೆ ಸಮ ಮಾಡಲಿಲ್ಲ. ಕೊಂಬೆ ಕಾಂಡಕ್ಕೆ ಸೇರುವ ಕಡೆ ಬಳೆ ತೊಡಿಸಿದ ಹಾಗೆ ಒಂದು ಉಬ್ಬು ಇರುತ್ತದೆ. ಆ ಬಳೆ ಉಳಿಸಿ ಅದರ ಹೊರಗೆ ಕುಯ್ದರು. ಗಾಯ ಮುಚ್ಚುವುದು ಆ ಬಳೆಯಿಂದಲೇ. ಉದ್ದ ಮೋಟು ಬಿಟ್ಟರೆ ಅದು ಒಣಗಿ, ಕೊಳೆತು, ಕೊಳೆ ಒಳಗೆ ಇಳಿಯುತ್ತದೆ.

ಅಮೆರಿಕದಲ್ಲಿ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನೇ ಹೇಳಿದ್ದಾರೆ. ಕೊಳೆತ ಭಾಗವನ್ನು ಮರ ಗುಣ ಮಾಡಿಕೊಳ್ಳುವುದಿಲ್ಲವಂತೆ, ಸುತ್ತ ಗೋಡೆ ಕಟ್ಟಿ ಬೇರೆ ಮಾಡುತ್ತದಂತೆ. ಆದ್ದರಿಂದ ಮೇಲೆ ಏನು ಬಳಿದೆವು ಅನ್ನುವುದಕ್ಕಿಂತ ಎಲ್ಲಿ ಕುಯ್ದೆವು ಅನ್ನುವುದು ಮುಖ್ಯ. ನಮ್ಮ ಕಡೆ ದೊಡ್ಡ ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಲು ಹೇಳುತ್ತಾರೆ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಟ್ಟು 1 ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಪಾತ್ರೆ ಪ್ಲಾಸ್ಟಿಕ್ ಅಥವಾ ಮಣ್ಣಿನದು ಇರಲಿ, ಕಬ್ಬಿಣದ್ದು ಬೇಡ.

ಎಲ್ಲ ಮರಕ್ಕೂ ಒಂದೇ ಕತ್ತರಿ ಆಗುವುದಿಲ್ಲ. ಮಾವು ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ಹಣ್ಣು ಮುಗಿದ ಕೂಡಲೇ ಸವರಬೇಕು. ಕಾರ್ತಿಕದಲ್ಲಿ ಸವರಿದರೆ ಮುಂದಿನ ಹೂವನ್ನೇ ಕಡಿದಂತೆ. ಹಲಸು ಕಾಯಿ ಬಿಡುವುದು ಕಾಂಡದಲ್ಲಿ, ದಪ್ಪ ಕೊಂಬೆಯಲ್ಲಿ. ಸಣ್ಣ ರೆಂಬೆ ತೆಗೆದರೆ ನಷ್ಟವಿಲ್ಲ. ಸೀಬೆ ಹೊಸ ಚಿಗುರಿನಲ್ಲಿ ಬಿಡುತ್ತದೆ, ಸವರಿದಷ್ಟೂ ಒಳ್ಳೆಯದು. ನುಗ್ಗೆಯನ್ನಂತೂ ಮೂರು ಅಡಿಗೆ ಕಡಿದರೂ ಮತ್ತೆ ಬರುತ್ತದೆ.

ಈಗ ಮರ ಹತ್ತುವವರ ಬಗ್ಗೆ. ಈ ಸಲ ಬಂದವರು ತೆಂಗಿಗೆ ಕಾಲಲ್ಲಿ ತುಳಿಯುವ ಯಂತ್ರ ಹಾಕಿ ಹತ್ತಿದರು, ಸೊಂಟಕ್ಕೆ ಬೆಲ್ಟ್ ಇತ್ತು. ಕೂಲಿ ಜಾಸ್ತಿ ಅಂತ ಅಪ್ಪ ಗೊಣಗಿದರು. ನನಗೆ ಹಾಗನ್ನಿಸಲಿಲ್ಲ. ಬಿದ್ದರೆ ಬೀಳುವುದು ಅವರು, ನಾವಲ್ಲ. ತೆಂಗು ಅಭಿವೃದ್ಧಿ ಮಂಡಳಿಯವರು 2011ರಿಂದ ಯಂತ್ರದಲ್ಲಿ ಹತ್ತುವ ತರಬೇತಿ ಕೊಡಲು ಶುರುಮಾಡಿದರು. ಹತ್ತುವವರಿಗೆ ಕೇರಾ ಸುರಕ್ಷಾ ಎಂಬ ವಿಮೆಯೂ ಇದೆ. ಮಂಡಳಿಯ ಫಾರಂ ನಮ್ಮ ಮಂಡ್ಯ ಹತ್ತಿರದ ಲೋಕಸರದಲ್ಲೇ ಇದೆ. ವಿಮೆ ಮಾಡಿಸಿದ್ದೀರಾ ಅಂತ ಕೇಳಿದ್ದಕ್ಕೆ ಅವರು ನಕ್ಕು, "ನಮ್ಮನೆಯವಳೂ ದಿನಾ ಇದನ್ನೇ ಕೇಳ್ತಾಳೆ ಕಣಪ್ಪ" ಅಂದರು. ನಿಮ್ಮ ಮನೆಗೆ ಬಂದವರನ್ನೂ ಕೇಳಿ. ಮಳೆ ಬಂದು ಮರ ಒದ್ದೆಯಾಗಿದ್ದರೆ ಹತ್ತಿಸಬೇಡಿ. ಕುಡಿದು ಬಂದವರನ್ನು ಟೀ ಕೊಟ್ಟು ವಾಪಸ್ಸು ಕಳಿಸಿ. ಮೇಲೆ ಜನ ಇರುವಾಗ ಕೆಳಗೆ ನಿಲ್ಲಬಾರದು (ಬ್ಯಾಟಿಗೆ ಎಡಮಟ್ಟೆ ಬೇಕಾದವರಿಗೆ ಮುಖ್ಯವಾಗಿ).

ಕೊಂಬೆ ಕರೆಂಟ್ ತಂತಿ ಹತ್ತಿರ ಇದ್ದರೆ ನೀವೂ ಬೇಡ, ಕೂಲಿಯವರೂ ಬೇಡ. ಲೈನ್‌ಮ್ಯಾನ್‌ಗೆ ಹೇಳಿ ಲೈನ್ ಆಫ್ ಮಾಡಿಸಬೇಕು. ಚೆಸ್ಕಾಂ ನಂಬರ್ 1912. ಹಸಿ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ. ಮರವನ್ನೇ ಕಡಿಯುವುದಾದರೆ ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯ ಅನುಮತಿ ಕೇಳಬೇಕು. ತೆಂಗು, ನೀಲಗಿರಿಯಂಥ ಕೆಲವಕ್ಕೆ ಬೇಡ. ರಸ್ತೆ ಬದಿಯ ಮರ ನಮ್ಮ ಗೇಟಿನ ಮುಂದೆ ಇದ್ದರೂ ನಮ್ಮದಲ್ಲ.

ಬೇವಿನ ಹಳೇ ಗಾಯದ ಅಂಚಿನಲ್ಲಿ ಈಗ ಬೆರಳು ದಪ್ಪ ತುಟಿ ಬಂದಿದೆ. ನಡುವೆ ಇನ್ನೂ ಅಂಗೈಯಗಲ ಬಿಳೀ ಕಟ್ಟಿಗೆ ಕಾಣುತ್ತದೆ. ಬರುವ ಭಾನುವಾರ ನಮ್ಮ ನುಗ್ಗೆ ಮರ ಸವರುತ್ತೇವೆ. ಮೂರು ಅಡಿ ಉದ್ದದ ದಪ್ಪ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ, ಮಳೆಗಾಲ ಬೇರೆ. ಬೇಕಾದವರು ಬೆಳಿಗ್ಗೆಯೇ ಬನ್ನಿ. ಕಂಬಳಿಹುಳ ಇವೆ, ತುಂಬು ತೋಳಿನ ಅಂಗಿ ಹಾಕಿಕೊಂಡು ಬನ್ನಿ.