ಅಧಿಕ ವೋಲ್ಟೇಜ್ ವಿದ್ಯುತ್ತಿನ ಅಪಾಯಗಳು

ಅಧಿಕ ವೋಲ್ಟೇಜ್ ಎಂದರೆ ಜೀವಿಗಳಿಗೆ ತೀವ್ರ ಹಾನಿಯುಂಟುಮಾಡಬಲ್ಲ, ಗಾಳಿಯ ಮೂಲಕವೂ ಕಿಡಿಯಾಗಿ ಹಾಯಬಲ್ಲ ಪ್ರಮಾಣದ ವಿದ್ಯುತ್ ವಿಭವಾಂತರ. ಅಂತರರಾಷ್ಟ್ರೀಯ ಮಾನಕಗಳ ಪ್ರಕಾರ ಪರ್ಯಾಯ ವಿದ್ಯುತ್ತಿನಲ್ಲಿ 1,000 ವೋಲ್ಟ್ ಹಾಗೂ ನೇರ ವಿದ್ಯುತ್ತಿನಲ್ಲಿ 1,500 ವೋಲ್ಟ್ ಮೀರಿದುದು ಅಧಿಕ ವೋಲ್ಟೇಜ್ ಎನಿಸುತ್ತದೆ. ಭಾರತದ 1956ರ ವಿದ್ಯುತ್ ನಿಯಮಗಳು 650ರಿಂದ 33,000 ವೋಲ್ಟ್‌ವರೆಗಿನದನ್ನು ಅಧಿಕ, ಅದಕ್ಕೂ ಮೇಲ್ಪಟ್ಟುದನ್ನು ಅತ್ಯಧಿಕ ಎಂದು ವರ್ಗೀಕರಿಸಿದ್ದವು. ಮನೆಗಳಿಗೆ ಪೂರೈಕೆಯಾಗುವ 230 ವೋಲ್ಟ್ ಈ ವರ್ಗಕ್ಕೆ ಸೇರದಿದ್ದರೂ ಮಾರಣಾಂತಿಕವಾಗಬಲ್ಲದು.

ಬಳಕೆ

ವಿದ್ಯುತ್ತನ್ನು ದೂರಕ್ಕೆ ಸಾಗಿಸುವಾಗ ವೋಲ್ಟೇಜ್ ಹೆಚ್ಚಿಸಿದಷ್ಟೂ ಅದೇ ಸಾಮರ್ಥ್ಯಕ್ಕೆ ಬೇಕಾಗುವ ಪ್ರವಾಹ ಕಡಿಮೆಯಾಗಿ, ತಂತಿಗಳಲ್ಲಿ ಶಾಖರೂಪದ ನಷ್ಟ ತಗ್ಗುತ್ತದೆ. ಕರ್ನಾಟಕದಲ್ಲಿ 66, 110, 220 ಮತ್ತು 400 ಕಿಲೋವೋಲ್ಟ್ ಪ್ರಸರಣ ಮಾರ್ಗಗಳಿವೆ. ಊರುಗಳ ಟ್ರಾನ್ಸ್‌ಫಾರ್ಮರ್‌ಗಳಿಗೆ ಸಾಮಾನ್ಯವಾಗಿ 11 ಕಿಲೋವೋಲ್ಟ್ ಮಾರ್ಗಗಳು ವಿದ್ಯುತ್ ಪೂರೈಸುತ್ತವೆ. ವಿದ್ಯುದೀಕರಣಗೊಂಡ ರೈಲುಮಾರ್ಗಗಳ ಮೇಲ್ತಂತಿಯಲ್ಲಿ 25 ಕಿಲೋವೋಲ್ಟ್ ಇರುತ್ತದೆ.

ದೇಹದ ಮೇಲಿನ ಪರಿಣಾಮ

ವಿದ್ಯುದಾಘಾತದ ತೀವ್ರತೆಯನ್ನು ದೇಹದಲ್ಲಿ ಹರಿಯುವ ಪ್ರವಾಹ, ಅದು ಹಾಯುವ ಮಾರ್ಗ ಮತ್ತು ಅವಧಿ ನಿರ್ಧರಿಸುತ್ತವೆ. 50 ಹರ್ಟ್ಸ್ ಪರ್ಯಾಯ ವಿದ್ಯುತ್ತಿನಲ್ಲಿ ಸುಮಾರು 1 ಮಿಲಿಆಂಪಿಯರ್ ಜುಮ್ಮೆನ್ನುವ ಅನುಭವ ನೀಡುತ್ತದೆ. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಕೈಯ ಸ್ನಾಯುಗಳು ಸಂಕುಚಿಸಿ, ಹಿಡಿದ ತಂತಿಯನ್ನು ಬಿಡಲಾಗದ ಸ್ಥಿತಿ ಉಂಟಾಗಬಹುದು. ಕೆಲವು ಹತ್ತು ಮಿಲಿಆಂಪಿಯರ್‌ಗಳಷ್ಟು ಪ್ರವಾಹ ಎದೆಯ ಮೂಲಕ ಹರಿದರೆ ಹೃತ್ಕುಕ್ಷಿಗಳು ಲಯ ತಪ್ಪಿ ಅದುರತೊಡಗಿ, ರಕ್ತ ಪರಿಚಲನೆ ನಿಂತುಹೋಗಬಹುದು.

ಒಣ ಚರ್ಮದ ರೋಧ ಹತ್ತಾರು ಸಾವಿರ ಓಮ್‌ಗಳಷ್ಟಿರಬಹುದು. ಒದ್ದೆಯಾದಾಗ ದೇಹದ ಒಟ್ಟು ರೋಧ ಸುಮಾರು 1,000 ಓಮ್‌ಗೆ ಇಳಿಯಬಹುದು. ಆಗ 230 ವೋಲ್ಟ್ ತಗುಲಿದರೆ 230 ಮಿಲಿಆಂಪಿಯರ್ ಹರಿಯುತ್ತದೆ. ಅಧಿಕ ವೋಲ್ಟೇಜಿನಲ್ಲಿ ಚರ್ಮದ ರೋಧವೇ ಭೇದಿಸಲ್ಪಡುವುದರಿಂದ ಒಣ ಚರ್ಮವೂ ರಕ್ಷಣೆ ನೀಡದು. ಹೊರಗಿನ ಗಾಯ ಚಿಕ್ಕದಾಗಿ ಕಂಡರೂ ಒಳಗಿನ ಸ್ನಾಯುಗಳು ಸುಟ್ಟು, ಅವುಗಳಿಂದ ಬಿಡುಗಡೆಯಾದ ಪದಾರ್ಥಗಳು ಮೂತ್ರಪಿಂಡಗಳಿಗೆ ಹಾನಿ ಮಾಡಬಹುದು.

ತಪ್ಪು ಕಲ್ಪನೆಗಳು

"ಮುಟ್ಟದಿದ್ದರೆ ಅಪಾಯವಿಲ್ಲ": ವಿಭವಾಂತರ ಸಾಕಷ್ಟಿದ್ದರೆ ನಡುವಿನ ಗಾಳಿಯೇ ವಾಹಕವಾಗಿ ಕಿಡಿ ಹಾರುತ್ತದೆ. ರೈಲಿನ ಮೇಲೆ ಹತ್ತಿದವರು ತಂತಿಯನ್ನು ಮುಟ್ಟದೆಯೇ ಸುಟ್ಟುಹೋಗಲು ಇದೇ ಕಾರಣ. 11 ಕಿಲೋವೋಲ್ಟ್ ತಂತಿಗೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರವನ್ನು ನಿಯಮಗಳು ವಿಧಿಸಿವೆ.

"ಕೊಲ್ಲುವುದು ಪ್ರವಾಹ, ವೋಲ್ಟೇಜ್ ಅಲ್ಲ": ಇದು ಅರ್ಧಸತ್ಯ. ದೇಹದಲ್ಲಿ ಪ್ರವಾಹವನ್ನು ಹರಿಸುವುದು ವೋಲ್ಟೇಜೇ. ಆದರೆ ಆಕರವು ಎಷ್ಟು ಶಕ್ತಿಯನ್ನು, ಎಷ್ಟು ಹೊತ್ತು ಒದಗಿಸಬಲ್ಲದು ಎಂಬುದೂ ಮುಖ್ಯ. ಸೋಲಾರ್ ಬೇಲಿಯಲ್ಲಿ ಹಲವು ಸಾವಿರ ವೋಲ್ಟ್ ಇದ್ದರೂ, ಅದು ಸುಮಾರು ಸೆಕೆಂಡಿಗೊಮ್ಮೆ, ಅತ್ಯಲ್ಪ ಕಾಲ, ಕೆಲವೇ ಜೂಲ್ ಶಕ್ತಿಯ ಸ್ಪಂದಗಳಾಗಿ ಬರುತ್ತದೆ. ಪ್ರಾಣಿಗೆ ಆಘಾತವಾಗಿ ಅದು ಹಿಂದೆ ಸರಿಯುತ್ತದೆ. ಬೇಲಿಗೆ ನೇರವಾಗಿ 230 ವೋಲ್ಟ್ ಸಂಪರ್ಕ ಕೊಟ್ಟರೆ ಪ್ರವಾಹ ನಿಲ್ಲದೆ ಹರಿಯುತ್ತದೆ. ಮಲೆನಾಡು ಮತ್ತು ಕಾಡಂಚಿನ ಊರುಗಳಲ್ಲಿ ಇಂಥ ಅಕ್ರಮ ಬೇಲಿಗಳಿಂದ ಆನೆಗಳೂ ಮನುಷ್ಯರೂ ಸಾವಿಗೀಡಾಗಿದ್ದಾರೆ. ವೋಲ್ಟೇಜ್ ಕಡಿಮೆಯಿರುವ ಬೇಲಿಯೇ ಇಲ್ಲಿ ಹೆಚ್ಚು ಮಾರಕ.

"ಹಕ್ಕಿಗೆ ಏನೂ ಆಗದಿರುವುದರಿಂದ ತಂತಿ ಸುರಕ್ಷಿತ": ಒಂದೇ ತಂತಿಯ ಮೇಲೆ ಕುಳಿತ ಹಕ್ಕಿಯ ಎರಡೂ ಕಾಲುಗಳು ಹೆಚ್ಚುಕಡಿಮೆ ಒಂದೇ ವಿಭವದಲ್ಲಿರುತ್ತವೆ. ಅಗಲ ರೆಕ್ಕೆಯ ಬಾವಲಿ ಎರಡು ತಂತಿಗಳನ್ನು ಒಟ್ಟಿಗೆ ಮುಟ್ಟಿದರೆ ಸಾಯುತ್ತದೆ. ನೆಲದ ಮೇಲೆ ನಿಂತ ಮನುಷ್ಯ ಒಂದು ತಂತಿಯನ್ನು ಮುಟ್ಟಿದರೂ ಸಾಕು.

"ಚಪ್ಪಲಿ, ಒಣಕೋಲು ಕಾಪಾಡುತ್ತವೆ": ಸಾಮಾನ್ಯ ರಬ್ಬರ್ ಚಪ್ಪಲಿ, ಬಿದಿರು, ಮರದ ಕೋಲುಗಳನ್ನು ಸಾವಿರಾರು ವೋಲ್ಟ್ ತಡೆಯುವಂತೆ ಪರೀಕ್ಷಿಸಿರುವುದಿಲ್ಲ. ತೇವಾಂಶ, ಧೂಳು ಸೇರಿದರೆ ಅವು ವಾಹಕಗಳಾಗುತ್ತವೆ. ತೆಂಗಿನಕಾಯಿ ಕೀಳುವ ಲೋಹದ ದೋಟಿ ಇನ್ನೂ ಅಪಾಯಕಾರಿ.

"ಕಿಡಿ ಹಾರದ ತಂತಿಯಲ್ಲಿ ವಿದ್ಯುತ್ ಇಲ್ಲ": ಹರಿದುಬಿದ್ದ ತಂತಿ ಸದ್ದಿಲ್ಲದೆ ಬಿದ್ದಿದ್ದರೂ ಅದರಲ್ಲಿ ವಿದ್ಯುತ್ ಇರಬಹುದು, ಕಡಿತಗೊಂಡ ಪೂರೈಕೆ ಮತ್ತೆ ಆರಂಭವಾಗಲೂಬಹುದು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ವಿದ್ಯುದಂಶ ಉಳಿದಿರುತ್ತದೆ.

ಹೆಜ್ಜೆ ವಿಭವಾಂತರ

ತಂತಿ ನೆಲಕ್ಕೆ ಬಿದ್ದಾಗ ಅದರ ಸುತ್ತಲಿನ ಮಣ್ಣಿನಲ್ಲಿ ವಿಭವವು ದೂರಕ್ಕೆ ತಕ್ಕಂತೆ ಇಳಿಯುತ್ತಾ ಹೋಗುತ್ತದೆ. ಕಾಲುಗಳನ್ನು ಅಗಲಿಸಿ ಹೆಜ್ಜೆಯಿಟ್ಟರೆ ಎರಡೂ ಪಾದಗಳ ನಡುವೆ ವಿಭವಾಂತರ ಉಂಟಾಗಿ ಪ್ರವಾಹ ದೇಹದೊಳಗೆ ಹರಿಯುತ್ತದೆ. ಮುಂಗಾಲು-ಹಿಂಗಾಲುಗಳ ಅಂತರ ಹೆಚ್ಚಿರುವ ದನಕರುಗಳು ಇದಕ್ಕೆ ಸುಲಭವಾಗಿ ಬಲಿಯಾಗುತ್ತವೆ.

ಮುನ್ನೆಚ್ಚರಿಕೆ ಮತ್ತು ರಕ್ಷಣೆ

ಬಿದ್ದ ತಂತಿಯಿಂದ ಕನಿಷ್ಠ 10 ಮೀಟರ್ ದೂರವಿದ್ದು, ಇತರರನ್ನೂ ತಡೆದು, ವಿದ್ಯುತ್ ಸರಬರಾಜು ಕಂಪನಿಯ ಸಹಾಯವಾಣಿ 1912ಕ್ಕೆ ತಿಳಿಸಬೇಕು. ಸಮೀಪದಲ್ಲೇ ಸಿಲುಕಿದವರು ಪಾದಗಳನ್ನು ಜೋಡಿಸಿಕೊಂಡು, ನೆಲದಿಂದ ಎತ್ತದೆ ಸಣ್ಣಗೆ ಜರುಗಿಸುತ್ತಾ ದೂರ ಸರಿಯಬೇಕು. ವಾಹನದ ಮೇಲೆ ತಂತಿ ಬಿದ್ದರೆ ಒಳಗೇ ಇರುವುದು ಸುರಕ್ಷಿತ. ಬೆಂಕಿ ಹೊತ್ತಿ ಇಳಿಯಲೇಬೇಕಾದರೆ, ವಾಹನವನ್ನೂ ನೆಲವನ್ನೂ ಏಕಕಾಲಕ್ಕೆ ಮುಟ್ಟದಂತೆ ಎರಡೂ ಪಾದ ಜೋಡಿಸಿ ಜಿಗಿಯಬೇಕು.

ಅಧಿಕ ವೋಲ್ಟೇಜಿಗೆ ಸಿಲುಕಿದವರನ್ನು, ಪೂರೈಕೆ ಕಡಿತವಾದುದನ್ನು ಕಂಪನಿಯ ಸಿಬ್ಬಂದಿ ಖಚಿತಪಡಿಸುವವರೆಗೆ ಸಮೀಪಿಸಬಾರದು. ಆತುರದಿಂದ ನೆರವಿಗೆ ಧಾವಿಸಿದವರೇ ಎರಡನೆಯ ಬಲಿಯಾಗುವ ಸಂಭವವಿದೆ. ಅನಂತರ ಉಸಿರಾಟ ನಿಂತಿದ್ದರೆ ಎದೆಯೊತ್ತುವಿಕೆಯನ್ನು ಆರಂಭಿಸಿ, ತುರ್ತು ಸಂಖ್ಯೆ 108 ಅಥವಾ 112ಕ್ಕೆ ಕರೆ ಮಾಡಬೇಕು. ಚೇತರಿಸಿಕೊಂಡಂತೆ ಕಂಡವರಿಗೂ ವೈದ್ಯಕೀಯ ತಪಾಸಣೆ ಅಗತ್ಯ.