ಕಂಠ ಒಬ್ಬರದು, ಮುಖ ಇನ್ನೊಬ್ಬರದು
ಮೂವತ್ತು ವರ್ಷ ದಾಟಿಯೂ ಬಾಡದ ಒಂದು ಕುಣಿತದ ಹಾಡಿನ ಕಥೆ

ಕುಣಿತದ ಹಾಡಿಗೆ ಆಯುಸ್ಸು ಕಡಮೆ. ಮದುವೆಯ ಚಪ್ಪರಕ್ಕೆ ಕಟ್ಟಿದ ಹೂವಿನಂತೆ ಅದು ಒಂದು ಸಂಜೆ ಮೆರೆಯುತ್ತದೆ; ಮರುದಿನ ಬಾಡಿದರೆ ಯಾರೂ ಮರುಗುವುದಿಲ್ಲ. ತ್ಯಾಗರಾಜರ ಕೃತಿಗಳೋ ದಾಸರ ಪದಗಳೋ ನೂರಾರು ವರ್ಷ ಬಾಳಿದುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಗುರುಗಳು ಅವನ್ನು ಕಲಿಸಿದರು, ಶಿಷ್ಯರು ಕಾಪಾಡಿದರು. ಆದರೆ ನೃತ್ಯಶಾಲೆಗಳಲ್ಲಿ ತರುಣ ತರುಣಿಯರು ಬೆವರು ಸುರಿಸಲೆಂದೇ ಯಂತ್ರಗಳ ಸಹಾಯದಿಂದ ಸಿದ್ಧಪಡಿಸಿದ ಹಾಡೊಂದು, ಅದನ್ನು ಕುಣಿದವರ ಮಕ್ಕಳು ಕುಣಿಯುವ ಕಾಲಕ್ಕೂ ಉಳಿದುಬಂದಿದೆಯೆಂದರೆ ಅದು ಸೋಜಿಗವೇ ಸರಿ. ಆ ಹಾಡಿನ ಹೆಸರು ‘ದಿ ರಿದಂ ಆಫ್ ದಿ ನೈಟ್’. ಕನ್ನಡದಲ್ಲಿ ‘ರಾತ್ರಿಯ ಲಯ’ ಎನ್ನಬಹುದು.

1993ರ ನವೆಂಬರ್ ತಿಂಗಳಲ್ಲಿ ಇಟಲಿಯಲ್ಲಿ ಇದರ ಧ್ವನಿಮುದ್ರಿಕೆ ಹೊರಬಂದಿತು. ತಂಡದ ಹೆಸರು ‘ಕೊರೋನಾ’. ಈಚಿನ ವರ್ಷಗಳಲ್ಲಿ ಮಹಾಮಾರಿಯ ಹೆಸರಾಗಿ ಮನೆಮನೆಗೂ ಪರಿಚಿತವಾದ ಈ ಶಬ್ದಕ್ಕೆ ಲ್ಯಾಟಿನ್ ಮೂಲದಲ್ಲಿ ಕಿರೀಟವೆಂದು ಅರ್ಥ. ತಂಡದ ಹೆಸರಿಗೂ ರೋಗಕ್ಕೂ ಬೇರಾವ ಸಂಬಂಧವೂ ಇಲ್ಲ. ಇಟಲಿಯಲ್ಲಿ ಜನಪ್ರಿಯತೆಯ ಪಟ್ಟಿಯ ಮೊದಲ ಸ್ಥಾನವನ್ನೇರಿದ ಹಾಡು 1994ರಲ್ಲಿ ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನ ಪಡೆಯಿತು. ಯೂರೋಪಿನ ಕುಣಿತದ ಹಾಡುಗಳಿಗೆ ಅಷ್ಟಾಗಿ ಮಣೆ ಹಾಕದ ಅಮೆರಿಕದಲ್ಲಿಯೂ ಅದು ಬಿಲ್‌ಬೋರ್ಡ್ ಪತ್ರಿಕೆಯ ನೂರು ಹಾಡುಗಳ ಪಟ್ಟಿಯಲ್ಲಿ 11ನೆಯ ಸ್ಥಾನದವರೆಗೆ ಏರಿತು.

ದೂರದರ್ಶನದಲ್ಲಿ ಹಾಡನ್ನು ಕಂಡವರ ಕಣ್ಣಿಗೆ ಬಿದ್ದವರು ಓಲ್ಗಾ ಡಿ ಸೋಜಾ. ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರದಲ್ಲಿ ಹುಟ್ಟಿ ಇಟಲಿಗೆ ಬಂದು ನೆಲೆಸಿದ ರೂಪದರ್ಶಿ. ಎತ್ತರದ ನಿಲುವು, ಬಳುಕುವ ನಡೆ, ಬೆಳಗುವ ನಗೆ. ಹಾಡೂ ಆಕೆಯದೇ ಎಂದು ಕೋಟ್ಯಂತರ ಜನ ನಂಬಿದರು. ಆದರೆ ಆ ಕಂಠ ಆಕೆಯದಾಗಿರಲಿಲ್ಲ.

ನಾಲ್ಕು ಪೆಟ್ಟಿನ ಮಾಯೆ

ಕಂಠದ ಕಥೆಗೆ ಮುನ್ನ ಹಾಡಿನ ಕಟ್ಟಡವನ್ನು ಒಂದಿಷ್ಟು ನೋಡುವುದು ಉಚಿತ. ‘ಯೂರೋಡಾನ್ಸ್’ ಎಂದು ಕರೆಯಲಾಗುವ ಈ ಸಂಗೀತ 1980ರ ದಶಕದ ಕೊನೆಯಲ್ಲಿ ಇಟಲಿ, ಜರ್ಮನಿ, ಬೆಲ್ಜಿಯಂ, ಹಾಲೆಂಡ್ ಮೊದಲಾದ ದೇಶಗಳಲ್ಲಿ ರೂಪುಗೊಂಡಿತು. ಅಮೆರಿಕದ ಷಿಕಾಗೋ ಮತ್ತು ಡೆಟ್ರಾಯಿಟ್ ನಗರಗಳಲ್ಲಿ ಕರಿಯ ಜನಾಂಗದ ಯುವಕರು ಬೆಳೆಸಿದ ಯಂತ್ರತಾಳದ ಸಂಗೀತಕ್ಕೆ ಯೂರೋಪಿನವರು ತಮ್ಮ ನಾಡಿನ ಇಂಪಾದ ಧಾಟಿಗಳನ್ನು ಬೆರೆಸಿದರು.

ಇದರ ತಾಳ ಅತ್ಯಂತ ಸರಳ. ನಮ್ಮ ಆದಿತಾಳದ ಎಂಟು ಅಕ್ಷರಗಳಲ್ಲಿ ಲಘುವಿಗೊಂದು ಬಗೆ, ದ್ರುತಕ್ಕೊಂದು ಬಗೆ ಕೈಯ ಕ್ರಿಯೆಯುಂಟು. ಇಲ್ಲಿ ಆ ಭೇದವೇ ಇಲ್ಲ. ನಾಲ್ಕು ಎಣಿಕೆಯ ಆವರ್ತದಲ್ಲಿ ನಾಲ್ಕಕ್ಕೂ ಸಮನಾದ ದಪ್ಪ ಪೆಟ್ಟು. ಎರಡು ಪೆಟ್ಟುಗಳ ನಡುವಿನ ಎಡೆಯಲ್ಲಿ ಕಂಚಿನ ತಾಳದಂಥ ಕಿರುದನಿ. ಈ ಹಾಡಿನಲ್ಲಿ ನಿಮಿಷಕ್ಕೆ ಸುಮಾರು 128 ಪೆಟ್ಟುಗಳು. ಬಿರುಸಿನಿಂದ ನಡೆದು ಬಂದವನ ಎದೆಬಡಿತವೂ ಹೆಚ್ಚುಕಡಮೆ ಅಷ್ಟೇ ಇರುತ್ತದೆ. ತಾಳಜ್ಞಾನವಿಲ್ಲದವನ ಕಾಲೂ ತಪ್ಪಲಾರದು.

ಆದರೆ ಪೆಟ್ಟು ಮಾತ್ರ ಹಾಡನ್ನು ಉಳಿಸಲಾರದು. ಅದೇ ಪೆಟ್ಟಿನ ಸಹಸ್ರಾರು ಹಾಡುಗಳು ಅದೇ ದಶಕದಲ್ಲಿ ಹುಟ್ಟಿ ಅದೇ ದಶಕದಲ್ಲಿ ಮಣ್ಣಾದವು. ‘ರಾತ್ರಿಯ ಲಯ’ ಉಳಿದದ್ದು ಅದರ ಪಲ್ಲವಿಯಿಂದ. ಒಮ್ಮೆ ಕೇಳಿದವರ ಬಾಯಲ್ಲಿ ನಿಲ್ಲುವಷ್ಟು ಚಿಕ್ಕದು; ಇಂಗ್ಲಿಷ್ ಬಾರದ ಸ್ಪೇನಿನವರೂ ಪೋಲೆಂಡಿನವರೂ ತೊಡರಿಲ್ಲದೆ ಹಾಡಬಲ್ಲಷ್ಟು ಸುಲಭ. ಅದರ ಮಾತುಗಳಲ್ಲಿ ದೊಡ್ಡ ವಿಚಾರವೇನೂ ಇಲ್ಲ. ರಾತ್ರಿ, ಲಯ, ಜೊತೆಗೊಬ್ಬರು ಬೇಕೆಂಬ ಹಂಬಲ—ಇಷ್ಟೆ. ಆದರೂ ಹಾಡಿನ ತಳದಲ್ಲಿ ಒಂದು ವಿಷಾದದ ಎಳೆಯಿದೆ. ಕಾಲು ಕುಣಿಯುತ್ತಿರುವಾಗಲೇ ಮನಸ್ಸು ಏನನ್ನೋ ಕಳೆದುಕೊಂಡಂತೆ ಮಿಡಿಯುತ್ತದೆ. ಆ ಮಿಡಿತವನ್ನು ತಂದುದು ಯಂತ್ರವಲ್ಲ, ಕಂಠ.

ಹಾಡನ್ನು ರೂಪಿಸಿದವರು ಫ್ರಾಂಚೆಸ್ಕೋ ಬೊಂಟೆಂಪಿ ಎಂಬ ಇಟಲಿಯ ನಿರ್ಮಾಪಕರು. ನೃತ್ಯಶಾಲೆಗಳ ವಲಯದಲ್ಲಿ ಅವರ ಹೆಸರು ಲೀ ಮ್ಯಾರೋ. ಹಾಡಿನ ಕರ್ತೃಗಳ ಪಟ್ಟಿಯಲ್ಲಿ ಅವರೊಡನೆ ಇಂಗ್ಲೆಂಡಿನ ಆನರ್ಲಿ ಗಾರ್ಡನ್ ಮತ್ತು ಇಟಲಿಯ ಜಾರ್ಜಿಯೋ ಸ್ಪಾನ್ಯಾ ಅವರ ಹೆಸರುಗಳಿವೆ. 1987ರ ಒಂದು ಇಂಗ್ಲಿಷ್ ಹಾಡಿನ ಧಾಟಿ ಇದರಲ್ಲಿ ಸೇರಿದುದರಿಂದ ಆ ಹಾಡಿನ ಕರ್ತೃಗಳಾದ ಪೀಟ್ ಗ್ಲೆನಿಸ್ಟರ್ ಮತ್ತು ಮೈಕ್ ಗ್ಯಾಫಿ ಅವರಿಗೂ ಪಾಲು ಸಂದಿತು. ಹೀಗೆ ಬರೆದವರೆಲ್ಲರ ಹೆಸರೂ ದಾಖಲಾಯಿತು. ಮರೆಯಲ್ಲಿ ಉಳಿದವರು ಹಾಡಿದವರು.

ಹಾಡಿದವರು ಯಾರು?

ಸಿಸಿಲಿ ದ್ವೀಪದ ಕತಾನಿಯಾ ನಗರದಲ್ಲಿ 1972ರಲ್ಲಿ ಹುಟ್ಟಿದ ಜೊವಾನ್ನಾ ಬೆರ್ಸೋಲಾ ಎಂಬ ತರುಣಿ ಆ ಹಾಡನ್ನು ಹಾಡಿದರು. ‘ಜೆನ್ನಿ ಬಿ’ ಎಂಬುದು ಆಕೆಯ ಕಲಾನಾಮ. ಆಗ ಆಕೆಗೆ ಇಪ್ಪತ್ತೊಂದು ವರ್ಷ. ಧ್ವನಿಮುದ್ರಣ ಮುಗಿಯಿತು, ಹಾಡು ಲೋಕಸಂಚಾರಕ್ಕೆ ಹೊರಟಿತು, ಆದರೆ ಚಿತ್ರಗಳಲ್ಲಿ, ದೂರದರ್ಶನದ ಕಾರ್ಯಕ್ರಮಗಳಲ್ಲಿ, ರಂಗಸ್ಥಳಗಳಲ್ಲಿ ತುಟಿಯಾಡಿಸಿದವರು ಓಲ್ಗಾ. ಮರುವರ್ಷ ‘ಪ್ಲೇಯಾಹಿಟ್ಟಿ’ ಎಂಬ ಹೆಸರಿನಲ್ಲಿ ಬಂದ ‘ದಿ ಸಮ್ಮರ್ ಈಸ್ ಮ್ಯಾಜಿಕ್’ ಹಾಡಿಗೂ ಬೆರ್ಸೋಲಾ ಅವರದೇ ಕಂಠ. ಅಲ್ಲಿಯೂ ಆಕೆ ತೆರೆಯ ಹಿಂದೆಯೇ. ಕೊರೋನಾ ತಂಡದ ಮುಂದಿನ ಹಾಡುಗಳಿಗೆ ಸಾಂಡ್ರಾ ಚೇಂಬರ್ಸ್ ಎಂಬ ಮತ್ತೊಬ್ಬ ಗಾಯಕಿ ಕಂಠವಿತ್ತರು. ಮುಖ ಮಾತ್ರ ಓಲ್ಗಾ ಅವರದೇ.

‘ಇದರಲ್ಲೇನು ವಿಶೇಷ? ನಮ್ಮ ಚಲಚ್ಚಿತ್ರಗಳಲ್ಲಿ ನಡೆಯುವುದೂ ಇದೇ ಅಲ್ಲವೇ?’ ಎಂದು ಓದುಗರು ಕೇಳಬಹುದು. ನಿಜ. ರಾಜಕುಮಾರ್ ತೆರೆಯ ಮೇಲೆ ತುಟಿಯಾಡಿಸಿದಾಗ ಪಿ. ಬಿ. ಶ್ರೀನಿವಾಸರ ಕಂಠ ಕೇಳಿಬರುತ್ತಿತ್ತು. ಆದರೆ ಅದನ್ನು ಯಾರೂ ಮುಚ್ಚಿಡಲಿಲ್ಲ. ಶ್ರೀನಿವಾಸರ ಹೆಸರು ಧ್ವನಿಮುದ್ರಿಕೆಯ ಮೇಲಿತ್ತು, ಬಾನುಲಿಯ ನಿರೂಪಕರ ಬಾಯಲ್ಲಿತ್ತು, ಕೇಳುಗರ ಮನದಲ್ಲಿತ್ತು. ನಟನೂ ಗಾಯಕನೂ ಒಂದೇ ಪಾತ್ರಕ್ಕೆ ಎರಡು ಕಣ್ಣುಗಳಂತೆ ಬಾಳಿದರು.

ಭಾರತದಲ್ಲಿಯೂ ಈ ನ್ಯಾಯ ತಾನಾಗಿ ಬಂದುದಲ್ಲ. 1949ರ ‘ಮಹಲ್’ ಹಿಂದಿ ಚಿತ್ರದಲ್ಲಿ ಮಧುಬಾಲಾ ಅವರ ಪಾತ್ರದ ಹೆಸರು ಕಾಮಿನಿ. ಖೇಮಚಂದ್ ಪ್ರಕಾಶ್ ಸ್ವರ ಹಾಕಿದ ‘ಆಯೇಗಾ ಆನೇವಾಲಾ’ ಹಾಡಿನ ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕಿಯ ಹೆಸರಿನ ಬದಲು ಆ ‘ಕಾಮಿನಿ’ ಎಂಬ ಪಾತ್ರದ ಹೆಸರನ್ನೇ ಅಚ್ಚು ಹಾಕಿದ್ದರು. ಹಾಡಿದವರಾರೆಂದು ತಿಳಿಸಬೇಕೆಂದು ಕೇಳುಗರು ಬಾನುಲಿ ನಿಲಯಕ್ಕೆ ಕಾಗದಗಳ ಮೇಲೆ ಕಾಗದ ಬರೆದರು. ಹೊರಬಂದ ಹೆಸರು ಲತಾ ಮಂಗೇಶ್ಕರ್! ಕೇಳುಗರ ಕುತೂಹಲವೇ ಗಾಯಕಿಯ ಹಕ್ಕಿಗೆ ಬಾಗಿಲು ತೆರೆಯಿತು.

ಅಟ್ಲಾಂಟಿಕ್ ಆಚೆಯ ಮೊಕದ್ದಮೆ

ಪಶ್ಚಿಮದಲ್ಲಿ ಆ ಬಾಗಿಲು ತೆರೆಯಲು ನ್ಯಾಯಾಲಯ ಬೇಕಾಯಿತು. ಇಟಲಿಯದೇ ಆದ ‘ಬ್ಲ್ಯಾಕ್ ಬಾಕ್ಸ್’ ತಂಡದ ‘ರೈಡ್ ಆನ್ ಟೈಂ’ 1989ರಲ್ಲಿ ಬ್ರಿಟನ್ನಿನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಅದರಲ್ಲಿ ಮೊಳಗಿದ ಕಂಠ ಅಮೆರಿಕದ ಲೊಲೀಟಾ ಹಾಲೋವೇ ಅವರದು. 1980ರ ಆಕೆಯ ಹಾಡೊಂದರಿಂದ ತುಣುಕುಗಳನ್ನು ಕತ್ತರಿಸಿ ಪೋಣಿಸಿದ್ದರು. ತೆರೆಯ ಮೇಲೆ ತುಟಿಯಾಡಿಸಿದವರು ಕತ್ರಿನ್ ಕಿನೋಲ್ ಎಂಬ ರೂಪದರ್ಶಿ. ಅದೇ ತಂಡದ ಮುಂದಿನ ಹಾಡುಗಳಲ್ಲಿ ಮಾರ್ಥಾ ವಾಷ್ ಎಂಬ ಹಿರಿಯ ಗಾಯಕಿಯ ಕಂಠ ಬಳಕೆಯಾಯಿತು, ಹೆಸರು ಬರಲಿಲ್ಲ. 1991ರ ಫೆಬ್ರುವರಿಯಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿದ ‘ಸಿ ಅಂಡ್ ಸಿ ಮ್ಯೂಸಿಕ್ ಫ್ಯಾಕ್ಟರಿ’ ತಂಡದ ಹಾಡಿನಲ್ಲಿಯೂ ಪಲ್ಲವಿ ಹಾಡಿದ ಕಂಠ ಆಕೆಯದು, ಕಾಣಿಸಿಕೊಂಡ ಮುಖ ಮತ್ತೊಬ್ಬ ತರುಣಿಯದು. ಆಕೆಯ ಸ್ಥೂಲ ಶರೀರ ದೂರದರ್ಶನದ ಮಾರುಕಟ್ಟೆಗೆ ಒಗ್ಗದೆಂಬುದು ವ್ಯಾಪಾರಿಗಳ ಲೆಕ್ಕಾಚಾರ.

ಮಾರ್ಥಾ ವಾಷ್ ಸುಮ್ಮನಿರಲಿಲ್ಲ. ಮೊಕದ್ದಮೆಗಳನ್ನು ಹೂಡಿದರು, ರಾಜಿಯ ಮೂಲಕ ಪರಿಹಾರವನ್ನೂ ಪಡೆದರು. ಅಮೆರಿಕದಲ್ಲಿ ಧ್ವನಿಮುದ್ರಿಕೆಗಳ ಮೇಲೆ ಹಾಡಿದವರ ಹೆಸರನ್ನು ನಮೂದಿಸುವ ಪದ್ಧತಿ ಬಲಗೊಳ್ಳಲು ಆಕೆಯ ಹೋರಾಟ ಮುಖ್ಯ ಕಾರಣವಾಯಿತು. ಜರ್ಮನಿಯ ‘ಮಿಲಿ ವನಿಲಿ’ ಜೋಡಿ ತಮ್ಮ ಹಾಡುಗಳನ್ನು ತಾವೇ ಹಾಡಿರಲಿಲ್ಲವೆಂಬುದು ಬಯಲಾಗಿ, ಅವರಿಗಿತ್ತ ಗ್ರ್ಯಾಮಿ ಪ್ರಶಸ್ತಿಯನ್ನು 1990ರ ನವೆಂಬರಿನಲ್ಲಿ ಹಿಂದಕ್ಕೆ ಪಡೆದದ್ದೂ ಅದೇ ಕಾಲದ ಮಾತು. ಇಷ್ಟೆಲ್ಲ ನಡೆದು ಮೂರು ವರ್ಷವಾದ ಮೇಲೆ ‘ರಾತ್ರಿಯ ಲಯ’ ಹುಟ್ಟಿತೆಂಬುದನ್ನು ನೆನೆದರೆ, ಹಳೆಯ ಚಾಳಿ ಎಷ್ಟು ಗಟ್ಟಿಯೆಂಬುದು ತಿಳಿಯುತ್ತದೆ.

ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತೆಂಬ ಗಾದೆ ಇಲ್ಲಿ ನಾಲಗೆಯ ತುದಿಗೆ ಬರುತ್ತದೆ. ಆದರೆ ಓಲ್ಗಾ ಅವರ ವಿಷಯದಲ್ಲಿ ಆ ಮಾತು ಅನ್ಯಾಯವಾದೀತು. ಊರೂರು ತಿರುಗಿ, ರಾತ್ರಿ ರಾತ್ರಿ ರಂಗವೇರಿ, ಹಾಡನ್ನು ಜನರ ಕಣ್ಣಿಗೆ ಕಟ್ಟಿದ ದುಡಿಮೆ ಆಕೆಯದು. ನರ್ತಕಿಯ ಶ್ರಮವೂ ಶ್ರಮವೇ. ಒಬ್ಬರಿಗೆ ಸಂದ ಚಪ್ಪಾಳೆ ಹೆಚ್ಚಾಯಿತೆಂಬುದಲ್ಲ ದೂರು. ಮತ್ತೊಬ್ಬರ ಹೆಸರು ಕೇಳಿಬರಲಿಲ್ಲವೆಂಬುದು.

ಮರುಹುಟ್ಟುಗಳು

ಹಾಡು ಬಂದು ಆರು ವರ್ಷಗಳ ಮೇಲೆ ಅದಕ್ಕೆ ಎಣಿಸದ ಗೌರವವೊಂದು ದೊರೆಯಿತು. ಫ್ರಾನ್ಸಿನ ನಿರ್ದೇಶಕಿ ಕ್ಲೇರ್ ಡೆನಿ 1999ರಲ್ಲಿ ‘ಬೋ ತ್ರವಾಯ್’ ಎಂಬ ಚಿತ್ರ ತೆಗೆದರು. ಆಫ್ರಿಕದ ಜಿಬೂಟಿಯಲ್ಲಿ ಬೀಡುಬಿಟ್ಟ ಫ್ರೆಂಚ್ ಪರದೇಶಿ ಪಡೆಯ ಕಥೆ ಅದು. ಗಾಲೂ ಎಂಬ ಅಧಿಕಾರಿ ಕಿರಿಯ ಸೈನಿಕನೊಬ್ಬನ ಮೇಲಿನ ಮತ್ಸರದಿಂದ ಉರಿದು, ಅವನಿಗೆ ಕೇಡೆಸಗಿ, ಕೊನೆಗೆ ಪಡೆಯಿಂದ ಹೊರಬೀಳುತ್ತಾನೆ. ಚಿತ್ರದ ಕೊನೆಯಲ್ಲಿ ಕನ್ನಡಿಯ ಗೋಡೆಯಿರುವ ನೃತ್ಯಶಾಲೆಯಲ್ಲಿ ಅವನೊಬ್ಬನೇ ನಿಂತಿದ್ದಾನೆ. ಬೆರ್ಸೋಲಾ ಅವರ ಕಂಠ ಮೊಳಗುತ್ತದೆ. ನಟ ದೆನಿ ಲಾವಾಂ ಮೊದಲು ಸಿಗರೇಟು ಸೇದುತ್ತ ಸುಮ್ಮನೆ ಹೆಜ್ಜೆ ಹಾಕುತ್ತಾರೆ. ಬಳಿಕ ಇಡೀ ಚಿತ್ರದ ಉದ್ದಕ್ಕೂ ಸಮವಸ್ತ್ರದೊಳಗೆ ಬಿಗಿದಿಟ್ಟ ದೇಹ ಒಮ್ಮೆಲೇ ಕಟ್ಟು ಕಳಚಿದಂತೆ ಸುತ್ತುತ್ತಾರೆ, ನೆಲಕ್ಕುರುಳುತ್ತಾರೆ. ಕುಣಿತದ ಹಾಡಿನಲ್ಲಿ ಅಡಗಿದ್ದ ವಿಷಾದವನ್ನು ಆ ದೃಶ್ಯ ಬಯಲಿಗೆ ತಂದಿತು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 2022ರಲ್ಲಿ ವಿಮರ್ಶಕರ ಮತದಿಂದ ಆರಿಸಿದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಈ ಚಿತ್ರಕ್ಕೆ ಏಳನೆಯ ಸ್ಥಾನ.

2013ರಲ್ಲಿ ಬ್ರಿಟನ್ನಿನ ‘ಬ್ಯಾಸ್ಟಿಲ್’ ತಂಡ ಈ ಹಾಡನ್ನು ಅದೇ ದಶಕದ ಮತ್ತೊಂದು ಕುಣಿತದ ಹಾಡಿನೊಡನೆ ಹೆಣೆದು ‘ಆಫ್ ದಿ ನೈಟ್’ ಎಂದು ಹಾಡಿತು. ಅದೂ ಆ ದೇಶದಲ್ಲಿ ಎರಡನೆಯ ಸ್ಥಾನಕ್ಕೇರಿತು; ಹತ್ತೊಂಬತ್ತು ವರ್ಷಗಳ ಹಿಂದೆ ಮೂಲ ಹಾಡು ಏರಿದ್ದ ಮೆಟ್ಟಿಲೇ ಅದು. 2019ರಲ್ಲಿ ಅಮೆರಿಕದ ‘ಬ್ಲ್ಯಾಕ್ ಐಡ್ ಪೀಸ್’ ತಂಡ ಕೊಲಂಬಿಯದ ಗಾಯಕ ಜೆ ಬಾಲ್ವಿನ್ ಅವರೊಡಗೂಡಿ ಇದೇ ಪಲ್ಲವಿಯ ಮೇಲೆ ‘ರಿಟ್ಮೊ’ ಎಂಬ ಸ್ಪ್ಯಾನಿಷ್-ಇಂಗ್ಲಿಷ್ ಮಿಶ್ರ ಹಾಡನ್ನು ಕಟ್ಟಿತು. ಮೂಲ ಹಾಡು ಬಂದಾಗ ಹುಟ್ಟಿಯೇ ಇರದ ಹುಡುಗ ಹುಡುಗಿಯರು ಅದನ್ನು ಹೊಸತೆಂದೇ ಬಗೆದು ಕುಣಿದರು.

ಗಮನಿಸಬೇಕಾದ ಸಂಗತಿ ಒಂದಿದೆ. ಈ ಮರುಹುಟ್ಟುಗಳಲ್ಲಿ ಉಡುಪು ಬದಲಾಯಿತು, ಮುಖ ಬದಲಾಯಿತು, ಯಂತ್ರಗಳ ಸದ್ದೂ ಬದಲಾಯಿತು. ಬದಲಾಗದೆ ಉಳಿದುದು ಅಂದು ಆ ಇಪ್ಪತ್ತೊಂದರ ತರುಣಿ ಬಾಯ್ತುಂಬ ಹಾಡಿದ ಪಲ್ಲವಿ. ಮಾರುಕಟ್ಟೆಗೆ ಬಹು ಮುಖ್ಯವೆನಿಸಿದ ರೂಪ ಮೊದಲು ಮರೆಗೆ ಸರಿಯಿತು. ಮರೆಯಲ್ಲಿಟ್ಟ ಕಂಠವೇ ಹಾಡಿಗೆ ದೀರ್ಘಾಯುಸ್ಸನ್ನು ತಂದುಕೊಟ್ಟಿತು.

ಇಟಲಿಯ ಸಾನ್ ರೆಮೊ ಪಟ್ಟಣದಲ್ಲಿ 1951ರಿಂದ ಪ್ರತಿವರ್ಷ ಗಾನೋತ್ಸವ ನಡೆಯುತ್ತಿದೆ. ಆ ದೇಶದ ಮನೆಮನೆಗಳಲ್ಲಿ ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ನೋಡುವ ಹಬ್ಬವದು. 2000ದ ಉತ್ಸವದಲ್ಲಿ ಹೊಸಬರ ವಿಭಾಗದ ಸ್ಪರ್ಧೆಗೆ ಒಬ್ಬ ಗಾಯಕಿ ಬಂದು ‘ಸೆಂಪ್ಲಿಚೆ ಸೆಂತೀರೆ’ ಎಂಬ ಹಾಡು ಹಾಡಿದರು. ಆಕೆಯ ಕಂಠವನ್ನು ಜಗತ್ತು ಆಗಲೇ ಏಳು ವರ್ಷಗಳಿಂದ ಕೇಳಿತ್ತು. ಆದರೂ ಆಕೆ ‘ಹೊಸಬರು’! ಈ ಬಾರಿ ತುಟಿಯೂ ಆಕೆಯದೇ, ಕಂಠವೂ ಆಕೆಯದೇ, ಫಲಕದ ಮೇಲಿನ ಹೆಸರೂ ಆಕೆಯದೇ. ವಿಜೇತರ ಹೆಸರನ್ನು ಘೋಷಿಸಿದಾಗ ರಂಗದ ಮೇಲಿಂದ ಕೇಳಿಬಂದ ಹೆಸರು—ಜೆನ್ನಿ ಬಿ.